ಕಡೇ ಮನೆಯ ಮಳೆರಾಯ

ಆದಿಲಕ್ಷ್ಮಿ ಬೇಕೆಂದೇ ಮಳೆರಾಯನನ್ನು ಪಟೇಲರ ಮನೆ ಬಾಗಿಲಿಂದ ಹೊರಡಿಸಿದಳು. ಪಕ್ಕದ ಕುರ್ಚಿಯಲ್ಲಿದ್ದ ಅವಳ ತವರೂರಿನ ಚಲಪತಿ ಹಣೆ ಚಚ್ಚಿಕೊಂಡ.

"ಅಕ್ಕಾ, ತಪ್ಪಾಯ್ತು! ಬಚ್ಚಪ್ಪ ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ದ."

"ಸುಲೀಲಿ ಅಂತ್ಲೇ ಕಣಪ್ಪಾ ಬರ್ದಿರೋದು."

ರಾಬರ್ಟ್‌ಸನ್‌ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಭಾನುವಾರ ಬೆಳಗಿನ ಹನ್ನೊಂದು ಗಂಟೆ. ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಇಂಟರ್ನೆಟ್ಟಿನ ಈ ಆಟದಲ್ಲಿ ಮೈಸೂರಿನವನೊಬ್ಬ ಪಟೇಲನಾಗಿದ್ದ, ಹುಬ್ಬಳ್ಳಿಯವಳೊಬ್ಬಳು ಸೂಲಗಿತ್ತಿಯಾಗಿದ್ದಳು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾ ಹತ್ತು ಹದಿನೈದು ಜನ ಸೇರಿ ಇಲ್ಲದ ಊರೊಂದನ್ನು ಬಾಳಿಸುತ್ತಿದ್ದರು. ತಿಂಗಳಿಗೊಂದು ಭಾನುವಾರ ಆ ಊರಿನಲ್ಲಿ ಒಂದು ಕಾರ್ಯ. ಒಮ್ಮೆ ಪಂಚಾಯ್ತಿ, ಒಮ್ಮೆ ಮದುವೆ. ಮಳೆ ಬಾರದಾಗ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ತಲೆಮೇಲೆ ಹೊತ್ತು, ಮನೆಮನೆಯಲ್ಲೂ ನೀರು ಹುಯ್ಯಿಸಿಕೊಳ್ಳುವ ಕಾರ್ಯ ಇವತ್ತೇ ಮೊದಲು.

ಇದನ್ನೆಲ್ಲ ನಡೆಸುತ್ತಿದ್ದವನು ಅವಳ ತಮ್ಮ ಬಚ್ಚಪ್ಪ. ಆಟದೊಳಗೆ ಅವನ ಹೆಸರು ಮುನಿರಾಯ. ಯಾರಿಗೆ ಯಾವ ವೇಷ, ಯಾರು ಯಾವಾಗ ಮಾತಾಡಬೇಕು, ಎಲ್ಲ ಅವನದೇ ದರಬಾರು. ಒಂದು ಶಾಸ್ತ್ರ ತಪ್ಪಿದರೂ ಜಗಳಕ್ಕೆ ನಿಲ್ಲುವ ಆಸಾಮಿ. ಎಂಟು ತಿಂಗಳ ಹಿಂದೆ ಅಪ್ಪ ಕದಿರಪ್ಪ, "ಆಲು ಕರೆಯೋ ಒತ್ನಲ್ಲಿ ಆಟ ಆಡೋನಿಗೆ ಈ ಮನೇಲಿ ಅನ್ನ ಇಲ್ಲ" ಎಂದು ಅವನ ಮುಂದಿನ ತಟ್ಟೆ ಎಳೆದ. ಬಚ್ಚಪ್ಪ ಕೈ ತೊಳೆದು ಎದ್ದುಹೋದ. ಅದೇ ಸಂಜೆ ಅವನು ಮಾರಿಕುಪ್ಪಂನಲ್ಲಿ ರೈಲು ಹತ್ತಿದ್ದನ್ನು ಕಂಡವರಿದ್ದಾರೆ. ಇಳಿದಿದ್ದನ್ನು ಕಂಡವರಿಲ್ಲ.

ಅವನ ನೋಟ್‌ಬುಕ್ಕಿನಲ್ಲಿದ್ದ ಪಾಸ್‌ವರ್ಡ್ ಹಾಕಿ ಆದಿಲಕ್ಷ್ಮಿ ಹಿಂದಿನ ದಿನವೇ ಎಲ್ಲರನ್ನೂ ಕಾರ್ಯಕ್ಕೆ ಕರೆದು, ಈಗ ಮುನಿರಾಯನಾಗಿ ಕೂತಿದ್ದಳು. ಚಲಪತಿಗೆ ಬಿಟ್ಟರೆ ಇದು ಗಂಡನಿಗೂ ಗೊತ್ತಿಲ್ಲ, ತವರಿನವರಿಗೂ ಗೊತ್ತಿಲ್ಲ. ತಮ್ಮ ಎಲ್ಲೇ ಇರಲಿ, ಆಟವನ್ನೊಮ್ಮೆ ಇಣುಕದೆ ಇರಲಾರ. ಇಣುಕಿದರೆ ಈ ತಪ್ಪು ನೋಡಿ ಬಾಯಿ ಮುಚ್ಚಿಕೊಂಡಿರಲಾರ. ಬೇರೆ ಊರುಗಳಲ್ಲಿ ಮಳೆರಾಯ ಗುಡಿಯಿಂದಲೋ ಪಟೇಲರ ಮನೆಯಿಂದಲೋ ಹೊರಡುತ್ತಾನೆ. ಅವಳ ತವರಿನಲ್ಲಿ ಮಾತ್ರ ಕೆರೆ ಪಕ್ಕದ ಕಡೇ ಮನೆಯಿಂದ. ಆ ಕಡೇ ಮನೆ ಅವರದೇ.

ಪಟೇಲ ನೀರು ಹುಯ್ದ. ಸೂಲಗಿತ್ತಿ ಹುಯ್ದಳು. ಯಾರೂ ತಕರಾರು ಎತ್ತಲಿಲ್ಲ. ಮೂರನೆಯ ಮನೆ ದಾಟುವಾಗ, ಅಲ್ಲಿಯವರೆಗೆ ಸುಮ್ಮನಿದ್ದ 'ಅತಿಥಿ' ಎಂಬ ಹೊಸ ಹೆಸರಿನಿಂದ ಒಂದು ಸಾಲು ಬಂತು.

"ತಪ್ಪು. ಮಳೆರಾಯ ಒಂಡೋದು ಕೆರೆ ತಾವ್ಲ ಕಡೇ ಮನೆಯಿಂದ."

"ಸಿಕ್ದ ಕಣಕ್ಕಾ!" ಚಲಪತಿ ಕುರ್ಚಿಯಿಂದ ಎದ್ದೇಬಿಟ್ಟ. ಆದಿಲಕ್ಷ್ಮಿ ಇನ್ನೊಂದು ಸಲ ಪರೀಕ್ಷೆ ಮಾಡಿಬಿಡೋಣ ಎಂದು ಕೇಳಿದಳು: "ಆ ಮನೇಲಿ ಮೊದಲ ಬಿಂದಿಗೆ ಹುಯ್ಯೋರು ಯಾರು?"

"ಮನೆ ಎಣ್ಮಗಳು. ನಮ್ ಲಕ್ಷ್ಮಿ."

ಹರಕೆ ಹೊತ್ತರೂ, ಕಣಿ ಕೇಳಿದರೂ, ಠಾಣೆಯ ಮೆಟ್ಟಿಲು ಸವೆಸಿದರೂ ಸಿಗದವನು ಎದುರಿಗೇ ಕೂತಿದ್ದ. ಅವಳಿಗೆ ಸಂತೋಷಕ್ಕೆ ಅಳು ಬಂತು. "ಬಚ್ಚಾ, ನೀನೇನಾ?" ಎಂದು ಕುಟ್ಟಿದಳು.

ಅದೇ ಗಳಿಗೆಗೆ ಆ ಕಡೆಯಿಂದಲೂ ಒಂದು ಸಾಲು ಬಂತು. "ಬಚ್ಚಪ್ಪಾ, ಅನ್ನ ಇಲ್ಲ ಅಂದಿದ್ದು ನನ್ ತಪ್ಪು ಕಣ್ಲಾ. ಮನೆಗ್ ಬಾ ಮಗಾ."

ಚಲಪತಿ ಅದನ್ನು ಎರಡು ಸಲ ಓದಿ ಮೆಲ್ಲಗೆ ಕೂತ. "ಅಕ್ಕಾ... ಇದು ಕದಿರಪ್ಪ ದೊಡ್ಡಪ್ಪ."

"ಅಪ್ಪಾ, ನಾನು ಲಕ್ಷ್ಮಿ" ಎಂದು ಬರೆದಳು.

ಮುಂದಿನ ಮನೆ ಯಾವುದೆಂದು ಮೈಸೂರಿನ ಪಟೇಲ ಎರಡು ಸಲ ಕೇಳಿದ. ಆಮೇಲೆ ಅತಿಥಿಯ ಹೆಸರಿನಲ್ಲಿ ಬೇರೆ ಯಾರದೋ ಮಾತು ಬಂತು.

"ನಾನು ವೆಂಕಟರತ್ನಮ್ಮ. ಬಂಗಾರಪೇಟೆ ಸ್ಟೇಷನ್ ಎದುರು ಕಂಪ್ಯೂಟರ್ ಸೆಂಟರ್ ಇಟ್ಕೊಂಡಿದ್ದೀನಿ. ಬಚ್ಚಪ್ಪ ಮೊದಲು ಇಲ್ಲೇ ಬಂದು ಆಡ್ತಿದ್ದ. ಕದಿರಪ್ಪನವರಿಗೆ ಓದೋಕೆ ಬರಲ್ಲ, ಅವರು ಹೇಳಿದ್ದನ್ನ ನಾನೇ ಟೈಪ್ ಮಾಡಿದೆ. ಪ್ರತಿ ವಾರ ಬಂದು ಮಗನ ಹೆಸರು ಕಾಣಿಸ್ತಾ ಅಂತ ಕೇಳೋರು. ಮುನಿರಾಯ ಮತ್ತೆ ಬಂದಿದ್ದಾನೆ ಅಂತ ನಿನ್ನೆ ಹೇಳಿದವಳೂ ನಾನೇ. ತಪ್ಪು ತಿಳೀಬೇಡಮ್ಮ."

"ಅಪ್ಪ ಏನ್ ಮಾಡ್ತವ್ರೆ?"

"ಗೋಡೆ ಕಡೆ ತಿರುಗಿ ಕೂತಿದ್ದಾರೆ. ಒಂದು ಮಾತು ಹೇಳಿದ್ರು. ಬರೀಲಾ?"

"ಬರೀರಿ."

"ಮಗ ಸಿಕ್ಕವ್ನೆ ಅಂತ ನಿಮ್ಮಮ್ಮಂಗೆ ಏಳ್ಬುಟ್ಟು ಬಂದಿವ್ನಿ ಕಣಮ್ಮ. ಅವ್ಳು ಒಬ್ಬಟ್ಟಿಗೆ ಬೇಳೆ ಬೇಯಕ್ಕಿಟ್ಟವ್ಳೆ. ನಾನೆಂಗೆ ಮನೆಗ್ ಓಗ್ಲಿ?"