ಬುಡಾಕ್

“ಬುಡಾಕ್‌ಗಳು ಮೇಲಿನ ಮಹಡಿಗೆ ಹೋಗೋ ಹಾಗಿಲ್ಲಮ್ಮ. ಚಪ್ಪಲಿ ಬಿಟ್ಟು ಇಲ್ಲೇ ಕೆಳಗೆ ಚಾಪೆ ಮೇಲೆ ಕೂತ್ಕೋಬೇಕು,” ಎಂದರು ಗ್ರಂಥಾಲಯದ ಕೌಂಟರಿನಲ್ಲಿದ್ದ ರೊಹಾಯಾ. ಹೇಳುವಾಗ ಅವರ ಮುಖದಲ್ಲಿ ಅಕ್ಕರೆಯ ನಗುವಿತ್ತು. ವಿಯಾತಿಗೆ ಮೈ ಉರಿದದ್ದು ಆ ನಗು ನೋಡಿಯೇ.

ಬುಡಾಕ್ ಎಂದರೆ ಅವಳೂರಿನಲ್ಲಿ ಜೀತದಾಳು, ಗುಲಾಮ. ಜಾವಾದ ಬ್ಲಿತಾರ್ ಬಿಟ್ಟು ಅವಳು ಕ್ವಾಲಾಲಂಪುರಕ್ಕೆ ಬಂದು ಮೂರು ವಾರವಾಗಿತ್ತು. ಇಲ್ಲಿ ಬಸ್ ಓಡಿಸುವ ಗಂಡ, “ಎರಡು ದೇಶದ್ದೂ ಹೆಚ್ಚುಕಮ್ಮಿ ಒಂದೇ ಮಾತು ಕಣೇ, ನಿಂಗೇನೂ ಕಷ್ಟ ಆಗಲ್ಲ,” ಎಂದು ಧೈರ್ಯ ಹೇಳಿದ್ದ. ಕಷ್ಟವಾಗಿದ್ದು ಅವಳಿಗಲ್ಲ, ಏಳು ವರ್ಷದ ಮಗಳು ಕಿನಾಸಿಗೆ. ಬಂದ ದಿನದಿಂದ ಮನೆಯವರನ್ನು ಬಿಟ್ಟು ಯಾರೊಂದಿಗೂ ಅವಳು ಒಂದು ಮಾತೂ ಆಡಿರಲಿಲ್ಲ. ಬಾಗಿಲು ದಾಟಿಸಬೇಕಾದರೆ ಎತ್ತಿಕೊಂಡೇ ಹೋಗಬೇಕು. ಗ್ರಂಥಾಲಯದ ಕಾರ್ಡೊಂದು ಮಾಡಿಸಿಕೊಟ್ಟರೆ ಈ ಊರು ತನ್ನದೆನಿಸೀತು ಎಂಬ ಆಸೆಯಿಂದ ವಿಯಾತಿ ಅವಳನ್ನು ಕರೆತಂದಿದ್ದಳು. ಆಸೆ ಹುಸಿಯಾಗಲಿಲ್ಲ. ಒಳಗೆ ಬಂದ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಓಡಿಹೋಗಿ, ಮೊಸಳೆಯ ಚಿತ್ರವಿದ್ದ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದಿದ್ದಳು.

ಅದಕ್ಕೇ ವಿಯಾತಿ ಹಲ್ಲು ಕಚ್ಚಿ ಸುಮ್ಮನಾದಳು. ರೊಹಾಯಾ ಫಾರಂ ತೆಗೆದು ಮತ್ತೆ ಕೇಳಿದರು, “ಈ ಬುಡಾಕ್ ನಿಮ್ಮದೇ ತಾನೆ?”

“ಇವಳು ನನ್ನ ಮಗಳು!”

“ಅದನ್ನೇ ಕೇಳಿದ್ದು. ಕೆಲವರು ಪಕ್ಕದ ಮನೆ ಬುಡಾಕ್‌ಗಳನ್ನೂ ಎಳ್ಕೊಂಡು ಬಂದ್ಬಿಡ್ತಾರೆ. ಹಾಗೆಲ್ಲ ಕಾರ್ಡು ಕೊಡೋಕಾಗಲ್ಲ.”

ಅಲ್ಲಿಗೆ ವಿಯಾತಿಯ ತಾಳ್ಮೆ ಮುಗಿಯಿತು. ಮಗಳ ಕೈಯಿಂದ ಪುಸ್ತಕ ಕಿತ್ತು ಕೌಂಟರಿನ ಮೇಲೆ ಇಟ್ಟಳು. “ನಮ್ಮವ್ವ ಸಕ್ಕರೆ ಕಾರ್ಖಾನೆ ಸಾಹೇಬರ ಮನೇಲಿ ನೆಲ ಒರೆಸಿದ್ದು ನಿಜ. ನಾನೂ ಒರೆಸಿದೀನಿ. ಆದ್ರೆ ನನ್ನ ಮಗಳು ಬುಡಾಕ್ ಅಲ್ಲ. ನಿಮ್ಮ ಪುಸ್ತಕ ನೀವೇ ಇಟ್ಕೊಳ್ಳಿ!”

ರೊಹಾಯಾ ಕಕ್ಕಾಬಿಕ್ಕಿಯಾದರು. “ಇಷ್ಟು ಪುಟ್ಟವಳು ಬುಡಾಕ್ ಅಲ್ದೆ ಇನ್ನೇನು ಮುದುಕೀನಾ?”

ಕಿನಾಸಿ ಅಳಲಿಲ್ಲ. ಬರಿದಾದ ಎರಡು ಕೈಗಳನ್ನು ನೋಡಿಕೊಂಡು ನಿಂತಳು. ಅವಳನ್ನು ಎತ್ತಿಕೊಂಡು ವಿಯಾತಿ ಬಾಗಿಲತ್ತ ತಿರುಗಿದಾಗ, ಪೇಪರ್ ಓದುವ ನೆಪದಲ್ಲಿ ದಿನಾ ಏಸಿಯ ತಂಪಿಗೆ ಬಂದು ಕೂರುತ್ತಿದ್ದ ಚೀನೀ ಮುದುಕ ಫೂ, “ನಿಲ್ಲಮ್ಮಾ, ನಿಲ್ಲು!” ಎಂದು ದಾರಿಗೆ ಅಡ್ಡ ಬಂದ. ಮೂವತ್ತು ವರ್ಷ ಜಾವಾದ ಗಾರೆಯವರನ್ನು ಇಟ್ಟುಕೊಂಡು ಮನೆ ಕಟ್ಟಿಸಿದ ಮೇಸ್ತ್ರಿ ಅವನು. ನಕ್ಕೂ ನಕ್ಕೂ ಅವನಿಗೆ ಕೆಮ್ಮು ಹತ್ತಿತ್ತು.

“ಇಲ್ಲಿ ಬುಡಾಕ್ ಅಂದ್ರೆ ಮಗು ಕಣಮ್ಮಾ, ಮಗು! ಮಕ್ಕಳ ಪುಸ್ತಕ ಎಲ್ಲ ಕೆಳಗೇ ಇರೋದು, ಅದಕ್ಕೇ ಚಾಪೆ. ರೊಹಾಯಾ, ಇವರೂರಲ್ಲಿ ಬುಡಾಕ್ ಅಂದ್ರೆ ದುಡ್ಡು ಕೊಟ್ಟು ಕೊಂಡ ಆಳು. ಮೊದಲ ಸಲ ಹಂಗೆ ಕರೆದಾಗ ನನ್ನ ಗಾರೆಯವನೊಬ್ಬ ಕರಣೆ ಎತ್ಕೊಂಡು ಅಟ್ಟಿಸ್ಕೊಂಡು ಬಂದಿದ್ದ. ಒಂದೇ ಮಾತಿನವರು ನೀವು. ನಿಮ್ಮ ಮಾತು ನಿಮಗೆ ಬಿಡಿಸಿ ಹೇಳೋಕೆ ಚೀನಾದವನು ಬರ್ಬೇಕಾಯ್ತಲ್ಲ!”

ವಿಯಾತಿ ಮಗಳನ್ನು ಕೆಳಗಿಳಿಸಿದಳು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ರೊಹಾಯಾ ಅಂತೂ ಕೌಂಟರಿನ ಮೇಲೆ ತಲೆಯಿಟ್ಟು ನಕ್ಕರು. “ಅಯ್ಯೋ ದೇವರೇ! ಮಹಡಿಗೆ ಹೋಗ್ಬಾರ್ದು, ನೆಲದ ಮೇಲೆ ಕೂರ್ಬೇಕು ಅಂದೆನಲ್ಲ ನಾನು! ನೀವು ಹೊಡೀದೆ ಬಿಟ್ಟಿದ್ದೇ ನನ್ನ ಪುಣ್ಯ,” ಎನ್ನುತ್ತ ಕಣ್ಣೊರೆಸಿಕೊಂಡು ಕಾರ್ಡು ಬರೆದರು. ಪುಸ್ತಕದ ಮೇಲೆ ಮುದ್ರೆ ಒತ್ತಿ, ತಾವೇ ಬಗ್ಗಿ ಹುಡುಗಿಯ ಕೈಗೆ ಕೊಟ್ಟರು.

“ಎಷ್ಟು ದಿನ ಇಟ್ಕೋಬಹುದು?” ಎಂದು ಕಿನಾಸಿ ರೊಹಾಯಾರನ್ನೇ ಕೇಳಿದಳು.

ಮಗಳು ಹೊರಗಿನವರೊಂದಿಗೆ ಆಡಿದ ಆ ಮೊದಲ ಮಾತು ಕೇಳಿ ವಿಯಾತಿಯ ಕಣ್ಣು ತುಂಬಿಬಂತು. “ಎರಡು ವಾರ ಕಂದಾ. ಓದಿ ಮುಗಿಸಿ ಇನ್ನೊಂದು ತಗೋ,” ಎಂದರು ರೊಹಾಯಾ. ಹುಡುಗಿ ಚಪ್ಪಲಿ ಕಳಚಿ ಚಾಪೆಯತ್ತ ಓಡಿದಳು. ಫೂ ತನ್ನ ಪೇಪರಿಗೆ ಮರಳಿದ.

“ತಪ್ಪು ತಿಳ್ಕೋಬೇಡಿ ಅಕ್ಕಾ,” ಎಂದಳು ವಿಯಾತಿ. “ಆ ಪದ ಕಿವಿಗೆ ಬಿದ್ರೆ ನಮ್ಮ ಕಡೆ ಯಾರೂ ಸುಮ್ನಿರಲ್ಲ. ಬೇರೆ ದಾರಿಯೇ ಇಲ್ಲದವರು ಮಾತ್ರ ತಲೆ ತಗ್ಗಿಸ್ಕೊಂಡು ಸಹಿಸ್ಕೋತಾರೆ.”

ರೊಹಾಯಾ ಮೇಜಿನ ಮೇಲಿದ್ದ ಫಾರಂಗಳನ್ನು ಜೋಡಿಸುತ್ತಿದ್ದವರು ನಿಲ್ಲಿಸಿದರು. ಅವರ ಮುಖದ ನಗು ಇಳಿದುಹೋಗಿತ್ತು.

“ನಮ್ಮನೇಲಿ ಅಮ್ಮನ್ನ ನೋಡ್ಕೊಳ್ಳೋಕೆ ಒಬ್ಬಳಿದಾಳೆ,” ಎಂದರು ತಗ್ಗಿದ ದನಿಯಲ್ಲಿ. “ನಿಮ್ಮ ಜಾವಾದವಳೇ. ಬಂದು ಐದು ತಿಂಗಳಾಯ್ತು. ಮನೇಲಿ ಚಿಕ್ಕ ಮಕ್ಕಳಿಲ್ಲ ನೋಡಿ, ಅಮ್ಮ ಪ್ರೀತಿಯಿಂದ ಅವಳನ್ನೇ ಬುಡಾಕ್, ಬುಡಾಕ್ ಅಂತ ದಿನವಿಡೀ ಕೂಗ್ತಾ ಇರ್ತಾರೆ. ಕೂಗಿದ ತಕ್ಷಣ ತಲೆ ತಗ್ಗಿಸ್ಕೊಂಡು ಬಂದು ನಿಲ್ತಾಳೆ. ನಾವು ಬಂದ ನೆಂಟರಿಗೆಲ್ಲ ಹೇಳಿದ್ದೇ ಹೇಳಿದ್ದು, ಜಾವಾದವರಿಗೆ ಎಷ್ಟು ವಿನಯ ಅಂತ.”