ನಾಲ್ಕು ಗಂಟೆಯ ಗೈರುಹಾಜರಿ

ಗಂಟೆ ನಾಲ್ಕು ಹೊಡೆಯಿತು. ಪ್ರಿನ್ಸಿಪಾಲಮ್ಮ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿದರು. ಮೊದಲು ಚರಿತ್ರೆಯ ಮೇಷ್ಟ್ರು ಕಳ್ಳಬೆಕ್ಕಿನ ಹಾಗೆ ಅತ್ತಿತ್ತ ನೋಡುತ್ತ ಹೊರಬಿದ್ದರು. ಹಿಂದೆಯೇ ಗಣಿತದ ಮೇಡಂ. ಆಮೇಲೆ ಅರ್ಥಶಾಸ್ತ್ರದವರು. ಕೊನೆಗೆ, ಕುರ್ಚಿ ಬಿಟ್ಟು ಎದ್ದದ್ದನ್ನು ಯಾರೂ ಕಂಡಿರದ ಹೆಡ್ ಕ್ಲರ್ಕು. ನಾಲ್ವರ ಕೈಯಲ್ಲೂ ಒಂದೊಂದು ಬಟ್ಟೆಚೀಲ. ಒಬ್ಬರಾದರೂ ಗೇಟಿನ ಕಡೆ ಹೋಗಲಿಲ್ಲ. ಎಲ್ಲರೂ ಕಟ್ಟಡದ ಹಿಂಭಾಗಕ್ಕೆ ತಿರುಗಿದರು.

ಹೀಗೆ ನಡೆಯಲು ಶುರುವಾಗಿ ಮೂರು ವಾರ.

ಸಂಚು ಹೂಡಲು ಅವರಿಗೆ ಕಾರಣ ಬೇಕಾದಷ್ಟಿತ್ತು. ಸಮುದಾಯ ಕಾಲೇಜಿನ ಬಜೆಟ್ಟಿನಲ್ಲಿ ಮೂರನೇ ಒಂದು ಪಾಲು ಖೋತಾ ಆಗಿತ್ತು. ತಿಂಗಳೊಳಗೆ ಒಂದು ಕೋರ್ಸು ಮುಚ್ಚಬೇಕು, ಆದರೆ ಹನ್ನೊಂದು ಅಭಿಯಾನಗಳಲ್ಲಿ ಒಂದೂ ನಿಲ್ಲಬಾರದು ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು. ಪ್ರಿನ್ಸಿಪಾಲಮ್ಮನೂ ಮಲ್ಲಿಗೆ ಮುಡಿಸುತ್ತಲೇ ಬಂದಿದ್ದರು. ಬಟ್ಟೆ ಉಳಿಯಲಿ ಎಂದು ಒಂದೇ ಬ್ಯಾನರಿನ ಒಂದು ಮಗ್ಗುಲಿಗೆ ‘ಹಸಿರು ಹೆಜ್ಜೆ’, ಇನ್ನೊಂದಕ್ಕೆ ‘ಡಿಜಿಟಲ್ ನೆಗೆತ’ ಬರೆಸಿದ್ದರು. ಬರುವ ಅತಿಥಿ ಯಾರೆಂದು ಕೇಳಿಕೊಂಡು ಜವಾನ ತಿರುಗಿಸಿ ಕಟ್ಟುತ್ತಿದ್ದ. ವರ್ಷಗಟ್ಟಲೆ ಸೋರುತ್ತಿದ್ದ ಕಾಲೇಜಿನ ನಲ್ಲಿಗಳು ಈ ತಿಂಗಳು ತಾವಾಗಿಯೇ ಸೋರುವುದನ್ನು ನಿಲ್ಲಿಸಿದಾಗ, ಅದು ‘ಜಲಜಾಗೃತಿ’ಯ ಮಹಾಸಾಧನೆ ಎಂದು ಆರು ಪುಟದ ವರದಿ ಕಳಿಸಿದ್ದರು.

ಇಷ್ಟು ಮಾಡಿಯೂ ಈಗ ಬೆನ್ನ ಹಿಂದೆ ಚೂರಿ!

ಮರುದಿನ ಸ್ಟಾಫ್ ರೂಮಿನ ಬಾಗಿಲ ಬಳಿ ಅವರ ಕಾಲು ತಾನಾಗಿ ನಿಂತಿತು. ಒಳಗೆ ಗಣಿತದ ಮೇಡಂ ಪಿಸುಗುಟ್ಟುತ್ತಿದ್ದರು. "ಮೊದಲು ಮೇಲಿಂದ ಬಂದ್ ಮಾಡ್ಬೇಕು. ಆಮೇಲೆ ಕೆಳಗಿಂದ ಬಿಚ್ಚೋದು ಸುಲಭ."

"ಜಾಸ್ತಿ ಬಲ ಹಾಕ್ಬೇಡಿ ಮತ್ತೆ," ಎಂದರು ಚರಿತ್ರೆಯವರು. ಅವರ ಹೆಬ್ಬೆರಳಿಗೆ ಬ್ಯಾಂಡೇಜಿತ್ತು. "ಹಳೇದು. ಮುರಿದ್ರೆ ಎಲ್ಲರ ಮೇಲೂ ಎರಚತ್ತೆ."

ಹಳೇದು! ಪ್ರಿನ್ಸಿಪಾಲಮ್ಮನಿಗೆ ಐವತ್ತಾರು. ಮೇಲಿರುವವರೂ ಅವರೊಬ್ಬರೇ.

"ಅಂದ್ರೆ ನಿನ್ನ ಕುರ್ಚಿಗೇ ಕೈ ಹಾಕಿದಾರೆ," ಎಂದರು ಮನೆಯಲ್ಲಿ ಗಂಡ, ಪೇಪರಿನಿಂದ ತಲೆಯೆತ್ತದೆ. "ನೀನು ಮುಚ್ಚೋ ಮುಂಚೆ ಅವರು ನಿನ್ನನ್ನ ಮುಚ್ತಾರೆ. ಬೇಗ ಮುಗಿಸಿಬಿಡು."

ಬೆಳಿಗ್ಗೆ ಅವರು ಕೋರ್ಸುಗಳ ಪಟ್ಟಿ ತೆರೆದರು. ಕೊನೆಯ ಸಾಲಿನಲ್ಲಿ ಹಿಂದಿನ ಶೆಡ್ಡಿನ ಕೋರ್ಸಿತ್ತು. ಈ ವರ್ಷ ಸೇರಿದ ವಿದ್ಯಾರ್ಥಿಗಳು ಸೊನ್ನೆ. ಕಲಿಸಲು ಗುತ್ತಿಗೆಯ ಮೇಷ್ಟ್ರೊಬ್ಬರು. ಅಳುವವರಿಲ್ಲದ ಸಾವು. ಅಧ್ಯಕ್ಷರಿಗೆ ಫೋನ್ ಮಾಡಿದರು.

"ಶೆಡ್ಡಿಂದಾ?" ಅಧ್ಯಕ್ಷರು ಕೆಮ್ಮಿದರು. "ಅದಕ್ಕೆ ಅಷ್ಟು ಅವಸರ ಏನಿಲ್ಲ ಮೇಡಂ. ನಿಧಾನಕ್ಕೆ ಮಾಡಿ."

ಯಾವತ್ತೂ ‘ನಿನ್ನೇನೇ ಯಾಕೆ ಆಗ್ಲಿಲ್ಲ’ ಎಂದು ಕೇಳುತ್ತಿದ್ದ ಮನುಷ್ಯ! ಇವರಿಗೂ ಸಂಚಿನ ಗಾಳಿ ಬಡಿದಿದೆಯೇ? ಪ್ರಿನ್ಸಿಪಾಲಮ್ಮ ಆ ಕ್ಷಣವೇ ಆದೇಶ ಟೈಪು ಮಾಡಿಸಿ, ಸಹಿ ಹಾಕಿ, ನಾಲ್ಕು ಹೊಡೆಯುವವರೆಗೆ ಕಾದರು. ಒಂದೇ ಏಟಿಗೆ ಎರಡು ಹಕ್ಕಿ. ಕೋರ್ಸೂ ಮುಚ್ಚಬಹುದು, ಹಿಂದೆ ಸೇರುವ ಗುಂಪನ್ನೂ ಹಿಡಿಯಬಹುದು.

ಶೆಡ್ಡಿನ ಬಾಗಿಲು ದಬ್ಬಿದರು.

ಗಣಿತದ ಮೇಡಂ ಅಲ್ಲದೆ ಕಿಟಕಿಗೆ ಕಾಣದ ಇನ್ನಷ್ಟು ಸ್ಟಾಫೂ ಕೂತು ಬೆಂಚುಗಳು ತುಂಬಿದ್ದವು. ಚರಿತ್ರೆ ನೆಲದ ಮೇಲೆ ಮೊಣಕಾಲೂರಿ ಪೈಪಿಗೆ ಟೇಪು ಸುತ್ತುತ್ತಿತ್ತು. ಅರ್ಥಶಾಸ್ತ್ರ ಮೊಣಕೈವರೆಗೆ ಮಸಿ ಬಳಿದುಕೊಂಡಿತ್ತು. ಹೆಡ್ ಕ್ಲರ್ಕು ನಲ್ಲಿಯೊಂದನ್ನು ತಿರುಗಿಸಿ, ಒಂದು ಹನಿಯೂ ಬೀಳದ್ದನ್ನು ನೋಡಿ, ಮಗುವಿನ ಹಾಗೆ ನಗುತ್ತಿದ್ದರು. ಗೋಡೆಗೆ ಒರಗಿ ನಿಂತಿದ್ದ ಪ್ಲಂಬಿಂಗ್ ಮೇಷ್ಟ್ರು ಬಾಗಿಲ ಕಡೆ ನೋಡಿ ನೆಟ್ಟಗಾದರು.

ಚರಿತ್ರೆಯ ಮೇಷ್ಟ್ರು ಎದ್ದು ಪ್ಯಾಂಟು ಕೊಡವಿಕೊಂಡರು.

"ತಪ್ಪು ತಿಳ್ಕೋಬೇಡಿ ಮೇಡಂ. ಸಾಮ್ರಾಜ್ಯಗಳು ಹೇಗೆ ಮುಳುಗ್ತವೆ ಅಂತ ಇಪ್ಪತ್ತು ವರ್ಷ ಪಾಠ ಮಾಡಿದೀನಿ. ಲಕ್ಷಣ ನಂಗೂ ಗೊತ್ತಾಗಲ್ವಾ?"

"ಯಾವ ಕೋರ್ಸಿಗೆ ಕತ್ತರಿ, ಯಾರ ಕೆಲಸ ಹೋಗತ್ತೆ ಅಂತ ನಮಗೆ ತಿಳೀದು," ಎಂದರು ಅರ್ಥಶಾಸ್ತ್ರದವರು. "ನಲ್ಲಿ ಎಲ್ಲರ ಮನೇಲೂ ಸೋರತ್ತೆ. ಬೇಡಿಕೆ ಅಂದ್ರೇನು ಅಂತ ನಂಗೆ ಈಗ ಅರ್ಥ ಆಯ್ತು. ಕೈ ಕೂರಲಿ ಅಂತ ಕಾಲೇಜಿನ ನಲ್ಲಿಗಳನ್ನೆಲ್ಲ ನಾವೇ ರಿಪೇರಿ ಮಾಡಿದ್ವಿ."

ಆರು ಪುಟದ ವರದಿ ನೆನಪಾಗಿ ಪ್ರಿನ್ಸಿಪಾಲಮ್ಮನ ಕಿವಿ ಬಿಸಿಯಾಯಿತು. ಇಡೀ ಕಾಲೇಜಿನಲ್ಲಿ ತುಂಬಿದ ತರಗತಿ ಇದೊಂದೇ. ಅದನ್ನು ಮುಚ್ಚುವ ಕಾಗದ ಅವರ ಕೈಯಲ್ಲೇ ಇತ್ತು. ಅವರು ಅದನ್ನು ನಾಲ್ಕು ಮಡಿಕೆ ಮಡಿಸಿ ಬ್ಯಾಗಿನೊಳಗೆ ತುರುಕಿದರು. ನಂತರ ಪ್ಲಂಬಿಂಗ್ ಮೇಷ್ಟ್ರನ್ನು ಮೂಲೆಗೆ ಕರೆದು ದನಿ ತಗ್ಗಿಸಿದರು.

"ಇನ್ನೊಬ್ಬರನ್ನ ಸೇರಿಸ್ಕೋತೀರಾ?"

"ಯಾರನ್ನ ಮೇಡಂ?"

"ನನ್ನನ್ನೇ."

ಮೇಷ್ಟ್ರು ತಲೆ ಕೆರೆದುಕೊಂಡರು. "ಇದ್ದಿದ್ದು ಒಂದೇ ಸೀಟು ಮೇಡಂ, ಬೆಳಿಗ್ಗೆ ಅಧ್ಯಕ್ಷರೇ ಫೋನ್ ಮಾಡಿ ತಮಗೆ ಅಂತ ಹಿಡಿದುಬಿಟ್ರು. ಕಾಲೇಜು ಮುಚ್ಚೋದ್ರೊಳಗೆ ಕಲಿಸಿ ಮುಗಿಸ್ಬೇಕಂತೆ."