ಹತ್ತು ದಿನದ ಕಟ್ಟು

ಕುಮುದಿನಿ ಗಂಜಿಗೆ ಅಕ್ಕಿ ತೊಳೆಯುತ್ತಿದ್ದಳು. ಆರು ವರ್ಷದ ಮಗಳು ವಾರಿಜಾ ಬಂದು ಸೆರಗು ಎಳೆದಳು.

"ಅಮ್ಮಾ, ಇವತ್ತು ಅಜ್ಜಿಯ ಹತ್ರ ಒಂದು ಕೇಳ್ಲಿಕ್ಕುಂಟು."

ಕುಮುದಿನಿ ಒದ್ದೆ ಕೈಯಿಂದಲೇ ಮಗಳ ಬಾಯಿ ಮುಚ್ಚಿದಳು. "ಎಂತದೂ ಕೇಳ್ಬೇಡ. ಕಟ್ಟು ಬಿಚ್ಚುವವರೆಗೆ ಸುಮ್ಮನಿರು, ಮಗಾ."

"ಬಿಚ್ಚಿದ ಮೇಲೆ?"

ಕುಮುದಿನಿ ತೊಳೆದ ಅಕ್ಕಿಯನ್ನು ಒಲೆಯ ಮೇಲಿಟ್ಟಳು.

ಅಂದು ಕಟ್ಟು ಹಾಕಿ ಹತ್ತನೆಯ ದಿನ. ಅತ್ತೆ ದೇಯಿಯ ಬಲಗಣ್ಣು ಎಂದೋ ಹೋಗಿತ್ತು. ಎಡಗಣ್ಣಿಗೂ ಪೊರೆ ಬಂದಾಗ ಮಗ, ಕುಮುದಿನಿಯ ಗಂಡ ಬೂಬ, ಅವಳನ್ನು ಬೋಳಾರದಿಂದ ಜಟಕಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದಿದ್ದ. ಡಾಕ್ಟರು ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿ ಪೊರೆ ತೆಗೆದರು. ನೋವೇ ಆಗಲಿಲ್ಲ ಎಂದಳು ದೇಯಿ. ಕಷ್ಟವಿದ್ದದ್ದು ಆಮೇಲೆ. ಎರಡೂ ಕಣ್ಣಿಗೆ ಕಟ್ಟು. ತಲೆಯ ಎರಡೂ ಬದಿಗೆ ಮರಳಿನ ಚೀಲ. ಹತ್ತು ದಿನ ಅಂಗಾತ ಮಲಗಿರಬೇಕು. ಕೆಮ್ಮಬಾರದು, ನಗಬಾರದು.

"ಮುಖ್ಯ, ಅಳ್ಬಾರ್ದು," ಎಂದಿದ್ದಳು ನರ್ಸ್ ಎಸ್ತೆರ್. "ಅತ್ತರೆ ಗಾಯ ಬಿರೀತದೆ. ಮತ್ತೆ ಕಣ್ಣಿಲ್ಲ."

ಮರುದಿನ ಬೆಳಿಗ್ಗೆ ಮೀನಿಗೆ ಹೋದ ಬೂಬನ ದೋಣಿ, ನದಿ ಕಡಲು ಸೇರುವ ಅಳಿವೆಯಲ್ಲಿ ಮಗುಚಿತು. ಸಂಜೆಗೆ ಹೆಣ ಸಿಕ್ಕಿತು.

ಇನ್ನು ಕುಮುದಿನಿಯೇ ಮೀನಿನ ಬುಟ್ಟಿ ಹೊತ್ತು ಬಂದರಿಗೆ ಹೋಗಬೇಕು. ಆಗ ವಾರಿಜಾಳನ್ನು ನೋಡಿಕೊಳ್ಳಲು ಉಳಿದದ್ದು ಆ ಒಂದು ಕಣ್ಣು. ಹತ್ತು ದಿನ ಅತ್ತೆಗೆ ಏನೂ ತಿಳಿಯಕೂಡದು.

ಒಡೆದ ಬಳೆಗಳ ಬದಲಿಗೆ ನೆರೆಮನೆಯ ಲಕ್ಷ್ಮಿಯ ಬಳೆ ಕೇಳಿ ತಂದಳು. ಆಸ್ಪತ್ರೆಯ ಗೇಟಿನಲ್ಲಿ ತೊಡುವಳು, ಹೊರಬಂದು ಕಳಚುವಳು. ಸೂತಕದ ಮನೆಯಲ್ಲಿ ಮೀನು ಬೇಯಿಸುವಂತಿಲ್ಲ. ಲಕ್ಷ್ಮಿಯ ಒಲೆಯಿಂದಲೇ ಒಂದು ಸೌಟು ಮೀನು ಸಾರು ಒಯ್ಯುವಳು. ಗೇಟಿನ ಬಳಿ ಕೇರಿಯ ಹೆಂಗಸೊಬ್ಬಳು ಕಂಡು, ಕೇಳಿಸುವಂತೆಯೇ ಅಂದಳು: "ಗಂಡನ ಬೂದಿ ಆರ್ಲಿಲ್ಲ, ಇವಳಿಗೆ ಬಳೆಯ ಶೋಕಿ!"

ಮೊದಮೊದಲು ದೇಯಿ ಕೇಳಿದಳು. "ಬೂಬ ಎಂತ ಬರ್ಲಿಲ್ಲ?"

"ಮಲ್ಪೆ ಕಡೆ ಹೋಗಿದ್ದಾರೆ ಅತ್ತೆ. ಅಲ್ಲಿ ಒಳ್ಳೆ ಮೀನುಂಟಂತೆ."

ನಾಲ್ಕನೆಯ ದಿನ ಕುಮುದಿನಿ ಗಂಜಿಯ ಪಾತ್ರೆ ತೊಳೆದು ಬರುವಷ್ಟರಲ್ಲಿ ಅಜ್ಜಿ, ಮೊಮ್ಮಗಳು ಕೈ ಕೈ ಹಿಡಿದುಕೊಂಡಿದ್ದರು. ಮಗು ಹೇಳಿಬಿಟ್ಟಳೇ ಎಂದು ಕುಮುದಿನಿ ಓಡಿಬಂದಳು. ಆದರೆ ದೇಯಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆಮೇಲೆ ಅವಳು ಮಗನ ಹೆಸರೆತ್ತಲಿಲ್ಲ. ಒಮ್ಮೆಯೂ ನೋಡಲು ಬರಲಿಲ್ಲವೆಂದು ಸಿಟ್ಟು, ಅಂದುಕೊಂಡಳು ಕುಮುದಿನಿ. ಮೀನು ಸಾರನ್ನೂ ದೇಯಿ ಬೇಡವೆಂದಳು.

"ಜಗಿದ್ರೆ ಕಣ್ಣು ಎಳೀತದೆ. ಬರೀ ಗಂಜಿ ಸಾಕು."

ಇನ್ನೊಂದು ದಿನ ಸೊಸೆಯ ಕೈ ತಡವಿದಳು. "ಬಳೆ ಸಡಿಲ ಉಂಟಲ್ಲ. ನೀನು ಉಣ್ತಿಯಾ ಇಲ್ವಾ?"

"ಉಣ್ತೇನೆ ಅತ್ತೆ."

"ಉಣ್ಬೇಕು. ಮಗು ಉಂಟಲ್ಲ."

ಹತ್ತನೆಯ ದಿನ ಡಾಕ್ಟರು ಕಟ್ಟು ಬಿಚ್ಚಿದರು. ದಪ್ಪ ಗಾಜಿನ ಕನ್ನಡಕ ಇಟ್ಟು ಬೆರಳು ತೋರಿಸಿದರು.

"ಎಷ್ಟು, ಅಜ್ಜಿ?"

"ಮೂರು."

"ಗಾಯ ಚೆನ್ನಾಗಿ ಕೂಡಿದೆ," ಎಂದು ಅವರು ಮುಂದಿನ ಮಂಚಕ್ಕೆ ನಡೆದರು.

ಎಸ್ತೆರ್ ಮರಳಿನ ಚೀಲಗಳನ್ನು ಎತ್ತಿಕೊಂಡಳು. "ಇಷ್ಟು ಅಲುಗದೆ ಮಲಗಿದವರನ್ನು ನಾನು ನೋಡ್ಲೇ ಇಲ್ಲ, ಮಾರಾಯ್ತಿ! ಇನ್ನು ಕೆಮ್ಮಿ, ನಗಿ, ಎಂತ ಬೇಕಾದ್ರೂ ಮಾಡಿ."

ಇನ್ನು ಹೇಳಲೇಬೇಕು. ಕುಮುದಿನಿ ಬಳೆಯ ಕೈಯನ್ನು ಸೆರಗಿನಲ್ಲಿ ಅಡಗಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರುಮಾಡಲು ಮಂಚದ ಹತ್ತಿರ ಸರಿದಳು. ಅಷ್ಟರಲ್ಲಿ ವಾರಿಜಾ ಮಂಚ ಹತ್ತಿದಳು. ಅವಳ ಬಾಯಿ ಮುಚ್ಚಲು ಕುಮುದಿನಿ ಕೈ ಚಾಚಿದಳು. ದೇಯಿ ಆ ಕೈಯನ್ನು ಮೆಲ್ಲನೆ ಹಿಡಿದುಕೊಂಡಳು.

"ಅಜ್ಜೀ, ಕಟ್ಟು ಬಿಚ್ಚಿದ ಮೇಲೆ ಅಪ್ಪನಿಗಾಗಿ ಒಟ್ಟಿಗೆ ಅಳುವ ಅಂತ ಹೇಳಿದ್ರಲ್ಲ, ಈಗ ಅಳ್ಬಹುದಾ?"